ಎಂಬತ್ತನಾಲ್ಕು ಡೆಸಿಬೆಲ್

ಫೆಬ್ರವರಿ 3, ಬೆಳಿಗ್ಗೆ 9.40

ಶಟರ್ ಎತ್ತಿದೆ. ಧೂಳು ಒರೆಸಿದೆ. ಡೆಮೊ ರೂಮಿನ ಸೋಫಾ ಮತ್ತೆ ಒಂದು ಗೇಣು ಸರಿದಿದೆ. ಟೇಪ್ ಅಂಟಿಸಿದ ಗುರುತಿಗೆ ವಾಪಸ್ ತಳ್ಳಿದೆ. ಸೊಂಟ ಹಿಡಿಯಿತು.

ನಿನ್ನೆ ಹಲ್ಲು ಡಾಕ್ಟರು ಬಂದಿದ್ದರು. ಹೊಸ ಮನೆ ಹಾಲ್‌ಗೆ ಸ್ಪೀಕರ್ ಬೇಕಂತೆ. ಆಗಲೇ ಎರಡು ಅಂಗಡಿ ಸುತ್ತಿದ್ದಾರೆ. "ನಂಗೇನೂ ಗೊತ್ತಾಗಲ್ಲ. ಕಿವಿಯವ್ರು ಯಾವ್ದು ಅಂತಾರೋ ಅದನ್ನೇ ತಗೋತೀನಿ" ಅಂದರು. ಆಗ ಓನರ್ ಮುಖ ನೋಡಬೇಕಿತ್ತು.

ಇಪ್ಪತ್ತೆರಡು ವರ್ಷದಿಂದ ಈ ಸ್ವಿಚ್ ಬಾಕ್ಸ್ ಮುಂದೆ ಕೂತಿದ್ದೇನೆ. ಒಂದು ಗುಂಡಿ ಒತ್ತಿದರೆ ಈ ಜೋಡಿ ಸ್ಪೀಕರ್ ಹಾಡುತ್ತೆ, ಇನ್ನೊಂದು ಒತ್ತಿದರೆ ಆ ಜೋಡಿ. ಕಣ್ಣು ಮುಚ್ಚಿ ಕೇಳಿ, "ಇದು" ಅನ್ನುತ್ತೇನೆ. ಅಲ್ಲಿಗೆ ಮುಗಿಯಿತು. ನನ್ನ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ, ಕಿವಿ ಅಂದರೆ ಎಲ್ಲರಿಗೂ ಗೊತ್ತು. ಜಂಬ ಅಲ್ಲ… ಸರಿ, ಜಂಬವೇ. ಇದನ್ನು ಯಾರು ಓದುತ್ತಾರೆ.

ಫೆಬ್ರವರಿ 6, ರಾತ್ರಿ ಊಟಕ್ಕೆ ಮುಂಚೆ

ಸೊಸೆ ಮಾಡುತ್ತಿದ್ದ ಸ್ಪೀಕರ್ ಮುಗಿಯಿತು. ಪೆಟ್ಟಿಗೆ ನನ್ನ ಮಗನದು — ಅವನು ಮರಗೆಲಸದವನು. ಒಳಗಿನ ಲೆಕ್ಕವೆಲ್ಲ ಅವಳದು. ಕಾಲೇಜಿನ ಫಿಸಿಕ್ಸ್ ಲ್ಯಾಬ್‌ನಿಂದ ಒಂದು ವರ್ಷ ರಜೆ ತೆಗೆದುಕೊಂಡು ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕೂತು ಮಾಡಿದ್ದಾಳೆ. ನಮ್ಮ ಅಂಗಡಿ ಒಪ್ಪಿದರೆ ಇದೇ ಅವಳ ಕೆಲಸ. ಒಪ್ಪದಿದ್ದರೆ ಏಪ್ರಿಲ್‌ಗೆ ಮತ್ತೆ ಲ್ಯಾಬ್, ಮತ್ತೆ ಹುಡುಗರ ಪೆಂಡುಲಮ್ ಲೆಕ್ಕ ನೋಡುವುದು.

ಹಿಂದೆ ಸ್ಟಿಕರ್ ಅಂಟಿಸಿದ್ದಾಳೆ. ಸೆನ್ಸಿಟಿವಿಟಿ: 84 ಡೆಸಿಬೆಲ್. ಇಷ್ಟು ಕಮ್ಮಿಯಾ! ನಮ್ಮಲ್ಲಿರೋದೆಲ್ಲ ಎಂಬತ್ತೆಂಟು, ತೊಂಬತ್ತು.

"ಎಂಬತ್ತೆಂಟು ಅಂತ ಹಾಕಮ್ಮ. ಎಲ್ರೂ ಮೂರೋ ನಾಲ್ಕೋ ಸೇರಿಸ್ತಾರೆ."

"ಅಳತೆಗೆ ಬಂದಿದ್ದು ಎಂಬತ್ನಾಲ್ಕು, ಮಾವ."

"ಗಿರಾಕಿ ಅದನ್ನ ಮಾರ್ಕ್ಸ್ ಕಾರ್ಡ್ ಥರ ಓದ್ತಾನೆ."

"ಅದು ಮಾರ್ಕ್ಸ್ ಅಲ್ವಲ್ಲ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಮೈಕ್ ಇಟ್ರೆ ಎಷ್ಟು ಜೋರಾಗಿ ಕೇಳ್ಸುತ್ತೆ ಅಂತ, ಅಷ್ಟೇ. ಒಳ್ಳೇದೋ ಕೆಟ್ಟದ್ದೋ ಅದು ಹೇಳಲ್ಲ."

ಹೆಂಡತಿ ಒಲೆ ಮುಂದಿನಿಂದಲೇ ಕೇಳಿದಳು, ಸೆನ್ಸಿಟಿವಿಟಿ ಅಂದ್ರೆ ಸೂಕ್ಷ್ಮ ಅಂತ ತಾನೇ, ಬೇಗ ಹಾಳಾಗೋದಾ ಅಂತ. ಅಲ್ಲ ಅತ್ತೆ, ಸ್ವಲ್ಪ ಕೊಟ್ರೆ ಜಾಸ್ತಿ ಸದ್ದು ಮಾಡೋದು, ಅಂದಳು ಸೊಸೆ.

"ಹಂಗಾದ್ರೆ ನಿಮ್ಮ ಮಾವ ತೊಂಬತ್ತೈದು. ಒಂದು ಮಾತು ಅಂದ್ರೆ ಸಾಕು, ಬೀದಿಗೆಲ್ಲ ಕೇಳ್ಸುತ್ತೆ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಆಮೇಲೆ ಕೈ ತೊಳೆಯುವಾಗ ನಕ್ಕೆ.

ಫೆಬ್ರವರಿ 10, ರಾತ್ರಿ 10

ಆಯಿತು. ಬರೆದುಬಿಡುತ್ತೇನೆ.

ಓನರ್ ಮಾತು ಇದ್ದದ್ದು ಒಂದೇ — ಕಿವಿ ಒಪ್ಪಿದರೆ ಆರು ಜೋಡಿ ಆರ್ಡರ್. ಸೊಸೆಯದನ್ನೂ, ನಮ್ಮ ಅಂಗಡಿಯ ತೊಂಬತ್ತರ ಜೋಡಿಯನ್ನೂ ಪಕ್ಕಪಕ್ಕ ಇಟ್ಟರು. ಯಾವುದು ಯಾವುದೆಂದು ಗೊತ್ತಾಗಬಾರದು ಅಂತ ನಾನೇ ಬೆನ್ನು ಹಾಕಿ ಕೂತೆ. ಗುಂಡಿ ಒತ್ತಿದ್ದು ಓನರ್. ಒಂದು ಹೆಣ್ಣುದನಿ, ಜೊತೆಗೆ ಪಿಯಾನೊ.

ಮೂರು ಸಲ ಕೇಳಿದೆ. "ಮೊದಲನೇದು ಮುದುಡ್ಕೊಂಡಿದೆ. ಎರಡನೇದು ಎದೆ ಬಿಚ್ಚಿ ಹಾಡ್ತಿದೆ. ಎರಡನೇದೇ" ಅಂದೆ.

ತಿರುಗಿ ನೋಡಿದೆ. ಮೊದಲನೆಯದು ಅವಳದು.

ಬಾಗಿಲ ಹತ್ತಿರ ನಿಂತಿದ್ದಳು. "ಸರಿ ಮಾವ" ಅಂದಳು. ಹಿಂದೆ ಹೋಗಿ ವೈರು ಬಿಚ್ಚತೊಡಗಿದಳು.

ಸಂಕಟವಾಯಿತು. ಆದರೂ ನ್ಯಾಯ ಅಂದರೆ ನ್ಯಾಯ. ಮನೆಯವಳು ಅಂತ ಮುಖ ನೋಡಿ ಮಣೆ ಹಾಕಲಿಲ್ಲ. ಈ ಮಾತನ್ನು ಮನೆಗೆ ಬಂದು ಹೆಂಡತಿಗೂ ಹೇಳಿದೆ. ಅವಳು ತಟ್ಟೆ ಇಟ್ಟ ರೀತಿ ನೋಡಿದರೆ ಹೇಳಬಾರದಿತ್ತು ಅನಿಸುತ್ತೆ.

ಫೆಬ್ರವರಿ 12

ಇವತ್ತು ಸೊಸೆ ಕೇಳಿದಳು. "ಮಾವ, ವಾಲ್ಯೂಮ್ ನಾಬ್ ಎರಡಕ್ಕೂ ಒಂದೇ ಕಡೆ ಇತ್ತಾ?"

"ಮತ್ತೆ? ಒಂದಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ ಕೊಟ್ರೆ ಅದು ಮೋಸ ಅಲ್ವಾ."

"ಒಂದೇ ಕಡೆ ಇಟ್ಟಿದ್ದೇ ಮೋಸ ಆಗಿದ್ದು. ನಂದು ಎಂಬತ್ನಾಲ್ಕು, ಅದು ತೊಂಬತ್ತು. ನಾಬ್ ಒಂದೇ ಆದ್ರೂ ನಂದು ಆರು ಡೆಸಿಬೆಲ್ ಮೆತ್ತಗೆ ಕೇಳ್ಸಿರುತ್ತೆ. ಜೋರಾಗಿ ಕೇಳ್ಸಿದ್ದನ್ನ ಕಿವಿ ಒಳ್ಳೇದು ಅನ್ಕೊಳ್ಳುತ್ತೆ. ಎಲ್ಲರ ಕಿವೀನೂ ಅಷ್ಟೇ."

ಎಲ್ಲರ ಕಿವೀನೂ!

"ನಂದು ಎಲ್ಲರ ಕಿವಿ ಅಲ್ಲಮ್ಮ" ಅಂತ ಎದ್ದು ಬಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟರಮಟ್ಟಿಗೆ ಪುಣ್ಯ.

ಫೆಬ್ರವರಿ 15, ಭಾನುವಾರ

ಬೆಳಿಗ್ಗೆ ಸೊಸೆ ಹಾಲ್‌ನಲ್ಲಿ ಬೆಡ್‌ಶೀಟ್ ಕಟ್ಟಿದಳು. ಹಿಂದೆ ಎರಡು ಬಗೆ ಸ್ಪೀಕರ್ ಇವೆ, ಯಾವುದು ಮೇಲು ಹೇಳಿ ಮಾವ, ಅಂದಳು. ಶೀಟಿನ ಹಿಂದೆ ನಿಂತವಳು ಹೆಂಡತಿ. ಆಕೆಗೆ ಟಿವಿ ರಿಮೋಟ್ ಕೂಡ ಸರಿಯಾಗಿ ಬರಲ್ಲ. ಸರಿ, ಕೂತೆ.

ಒಂದು. ಎರಡು. ಮತ್ತೆ ಒಂದು. ಮತ್ತೆ ಎರಡು.

ಇಷ್ಟು ಸುಲಭವಾ ಅನಿಸಿತು. ಧಾರಾಳವಾಗಿ ವಿವರಿಸಿದೆ. ಎರಡನೇದಕ್ಕೆ ಗಂಟಲು ತೆರೆದಿದೆ, ಪಿಯಾನೊ ಗಾಜಿನ ಹಾಗಿದೆ, ಕೆಳಗಿನ ಸ್ವರ ನೆಲ ಹಿಡಿದು ನಿಂತಿದೆ. ಮೊದಲನೇದಕ್ಕೆ ಮುಸುಕು ಹಾಕಿದ ಹಾಗಿದೆ, ಹಳೇ ಮಾಲು, ಒಳಗಿನ ಕಾಗದದ ಕೋನ್ ಬದಲಾಯಿಸಬೇಕು. ಮಗ ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡ. ಆಗಲೇ ಅನುಮಾನ ಬರಬೇಕಿತ್ತು.

ಹೆಂಡತಿ ಶೀಟ್ ಸರಿಸಿದಳು. ಹಿಂದೆ ಇದ್ದದ್ದು ಒಂದೇ ಜೋಡಿ. ಸೊಸೆಯದು.

"ಒಂದೇ ರೀ. ಎರಡನೇ ಸಲ ನಾಬ್‌ನ ಚೂರು ಕಿವಿ ಹಿಂಡ್ದೆ, ಅಷ್ಟೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ಸೊಸೆ ಮಾತ್ರ ಮೆತ್ತಗೆ, "ಲ್ಯಾಬಲ್ಲಿ ಮೊದಲನೇ ಸಲ ನಾನೂ ಹಿಂಗೇ ಮೋಸ ಹೋಗಿದ್ದೆ, ಮಾವ" ಅಂದಳು.

ಇಪ್ಪತ್ತೆರಡು ವರ್ಷ. ಒಂದು ದಿನವೂ ಸದ್ದು ಸರಿಸಮ ಮಾಡದೆ ತೀರ್ಪು ಕೊಟ್ಟಿದ್ದೇನೆ. ಜೋರಾಗಿದ್ದದ್ದೆಲ್ಲ ಗೆದ್ದಿದೆ, ಮೆತ್ತಗಿದ್ದದ್ದೆಲ್ಲ ಸೋತಿದೆ. ಅದರಲ್ಲಿ ಎಷ್ಟು ಒಳ್ಳೆಯವಿದ್ದವೋ.

ಫೆಬ್ರವರಿ 26

ಬರೆಯಲಿಲ್ಲ. ಏನು ಬರೆಯುವುದು. ಅಂಗಡಿಗೆ ಹೋದೆ, ಬಂದೆ. ಗಿರಾಕಿ ಕೇಳಿದರೆ "ಎರಡೂ ಚೆನ್ನಾಗಿವೆ" ಅಂದೆ. ಮೈ ಸರಿಯಿಲ್ಲವಾ ಅಂತ ಓನರ್ ಕೇಳಿದರು.

ನಿನ್ನೆ ಸೊಸೆ ಕಾಲೇಜಿಗೆ ಪತ್ರ ಬರೆಯುತ್ತಿದ್ದಳು. ಏಪ್ರಿಲ್ ಒಂದರಿಂದ ಕೆಲಸಕ್ಕೆ ಬರುತ್ತೇನೆ ಅಂತ. ಅರ್ಧ ಬರೆದು ಪ್ರಿಂಟರ್ ಮೇಲೆ ಇಟ್ಟಿದ್ದಳು. ಓದಬಾರದಿತ್ತು, ಓದಿದೆ. ರಾತ್ರಿ ನಿದ್ದೆ ಬರಲಿಲ್ಲ. ಅವಳು ಸೋತಿದ್ದಲ್ಲ. ಸೋಲಿಸಿದವನು ನಾನು, ಅದೂ ನ್ಯಾಯದ ಹೆಸರಲ್ಲಿ.

ಇವತ್ತು ಬೆಳಿಗ್ಗೆ ಓನರ್ ಕ್ಯಾಬಿನ್‌ಗೆ ಹೋದೆ. ಕೂತುಕೊಳ್ಳಲಿಲ್ಲ. ಅವತ್ತು ತಪ್ಪಿದ್ದು ನಾನು, ಇನ್ನೊಂದು ಸಲ ಕೇಳಿಸಬೇಕು, ಸದ್ದು ಅಳೆದು ಸಮ ಮಾಡಿ, ಅಂದೆ.

ಓನರ್ ನನ್ನ ಮಗನ ವಯಸ್ಸಿನವರು. ಪೆನ್ ಕೆಳಗಿಟ್ಟರು.

"ಕಿವಿಯವ್ರೇ, ನಿಮ್ಮ ಕಿವಿ ಹೆಸರು ಹೇಳ್ಕೊಂಡೇ ಇಷ್ಟು ವರ್ಷ ವ್ಯಾಪಾರ ಆಗಿದೆ. ಈಗ ಕಿವಿ ತಪ್ಪು ಅಂದ್ರೆ ಜನ ಏನಂತಾರೆ? ಸೊಸೆಗೋಸ್ಕರ ಮಾತು ತಿರುಗಿಸಿದ್ರು ಅಂತಾರೆ."

"ಅನ್ನಲಿ. ಈ ಸಲ ತೀರ್ಪು ನಂದಲ್ಲ. ಹಲ್ಲು ಡಾಕ್ಟರ್ ಇನ್ನೂ ತಗೊಂಡಿಲ್ಲ, ಅವರೇ ಕೇಳಲಿ. ನಾನು ಬಾಯಿ ಬಿಡಲ್ಲ."

"ನೀವು? ಬಾಯಿ ಬಿಡದೆ?"

ಭಾನುವಾರ ಅಂತ ಗೊತ್ತುಮಾಡಿದರು.

ಮಾರ್ಚ್ 1, ಭಾನುವಾರ, ಮಧ್ಯಾಹ್ನ 3

ಕ್ರಮವಾಗಿ ಬರೆಯುತ್ತೇನೆ.

ಸೊಸೆ ಮೈಕನ್ನು ಸೋಫಾದ ಮೇಲೆ ನಿಲ್ಲಿಸಿದಳು — ಕೂತವರ ತಲೆ ಬರುವ ಕಡೆಗೇ. ಸೋ… ಎನ್ನುವ ಒಂದೇ ಸಮನೆ ಸದ್ದು ಹಾಕಿ ಎರಡೂ ಜೋಡಿ ಅಳೆದಳು. ಸಮ ಆಗುವ ಜಾಗಕ್ಕೆ ನಾಬ್ ಪಕ್ಕ ಗುರುತು: ತೊಂಬತ್ತಕ್ಕೆ ಕೆಂಪು ಟೇಪ್, ಎಂಬತ್ತನಾಲ್ಕಕ್ಕೆ ಬಿಳಿ. ಬಿಳಿ ತುಂಬ ಮುಂದಿತ್ತು.

ಡಾಕ್ಟರು ಗಮನಿಸಿದರು. "ಇದಕ್ಕೆ ಜಾಸ್ತಿ ತಿರುಗಿಸ್ಬೇಕಲ್ಲ?"

ಸೊಸೆ ಮುಚ್ಚಿಡಲಿಲ್ಲ. "ಹೌದು. ಮೂರು ಡೆಸಿಬೆಲ್ ಕಮ್ಮಿಯಾದ್ರೆ ಎರಡರಷ್ಟು ವ್ಯಾಟ್ ಬೇಕು, ಆರು ಕಮ್ಮಿಯಾದ್ರೆ ನಾಲ್ಕರಷ್ಟು. ಪುಟ್ಟ ಆಂಪ್ಲಿಫೈಯರ್ ಇದ್ರೆ ನಂದು ತಗೋಬೇಡಿ. ಮದುವೆ ಮನೆ ಥರ ಜೋರಾಗಿ ಹಾಕೋರೂ ಬೇಡ. ನಿಮ್ಮ ಮನೆ ಹಾಲ್‌ಗೆ, ಈ ಆಂಪ್ಲಿಫೈಯರು ಆದ್ರೆ ತೊಂದ್ರೆ ಇಲ್ಲ."

ತನ್ನ ಮಾಲಿನ ಹುಳುಕನ್ನು ತಾನೇ ಹೇಳಿ ಮಾರುವವರನ್ನು ನಾನು ಈ ಬೀದಿಯಲ್ಲಿ ನೋಡಿಲ್ಲ. ಓನರ್ ಕೆಮ್ಮಿದರು. ನನ್ನ ಬೆನ್ನು ನೆಟ್ಟಗಾಯಿತು.

ಕರ್ಟನ್ ಎಳೆದರು. ಗುಂಡಿ, ನಾಬ್ ಎರಡೂ ಓನರ್ ಕೈಯಲ್ಲಿ. ಅವತ್ತಿನ ಅದೇ ಹೆಣ್ಣುದನಿ, ಅದೇ ಪಿಯಾನೊ. ನಾನು ಮೂಲೆಯ ಸ್ಟೂಲಿನಲ್ಲಿ, ತುಟಿಗೆ ಹೊಲಿಗೆ ಹಾಕಿಕೊಂಡು. ನನ್ನ ಕಿವಿಗೆ ವ್ಯತ್ಯಾಸ ಕೇಳಿಸಿತು, ನಿಜವಾಗಿಯೂ ಕೇಳಿಸಿತು… ಆದರೆ ಮಾವನ ಕಿವಿಯನ್ನು ನಂಬುವುದು ಹೇಗೆ. ಈ ಸಲ ನನಗೆ ಓಟಿಲ್ಲ.

ಡಾಕ್ಟರು ಆರು ಸಲ ಅದಲು ಬದಲು ಮಾಡಿಸಿದರು. ಕೊನೆಗೆ, "ಎರಡನೇದ್ರಲ್ಲಿ ಹಾಡೋಕೆ ಮುಂಚೆ ಆಯಮ್ಮ ಉಸಿರು ತಗೊಳ್ಳೋದು ಕೇಳ್ಸುತ್ತೆ. ಮೊದಲನೇದ್ರಲ್ಲಿ ಅದು ಇಲ್ಲ. ನಂಗೆ ಎರಡನೇದು" ಅಂದರು.

ಕರ್ಟನ್ ಸರಿಸಿದರು. ಎರಡನೆಯದು ಸೊಸೆಯದು.

ಡಾಕ್ಟರು ನನ್ನ ಕಡೆ ತಿರುಗಿದರು. "ಏನ್ ಕಿವಿಯವ್ರೇ, ಹೋದ ತಿಂಗಳು ಇದನ್ನೇ ಬೇಡ ಅಂದಿದ್ರಂತೆ?"

ಓನರ್ ಕಣ್ಣಲ್ಲೇ ಬೇಡ ಅಂದರು. ಏನಾದರೂ ಸಬೂಬು ಹೇಳಿ ದಾಟಬಹುದಿತ್ತು. ಹೇಳಲಿಲ್ಲ. "ಹೌದು ಡಾಕ್ಟ್ರೇ. ಸ್ಪೀಕರ್ ಸರಿಯಾಗೇ ಇತ್ತು, ತಪ್ಪಿದ್ದು ನಾನು. ಜೋರಾಗಿದ್ದನ್ನೇ ಒಳ್ಳೇದು ಅನ್ಕೊಂಡೆ. ಇಷ್ಟು ವರ್ಷ ಹಂಗೇ ಅನ್ಕೊಂಡಿದ್ದೆ" ಅಂದೆ.

ಹೇಳಿದ ಮೇಲೆ ನೆಲ ಬಿರಿಯಲಿಲ್ಲ. ಡಾಕ್ಟರು ತಲೆ ಆಡಿಸಿ, ಯಾವಾಗ ಮನೆಗೆ ತಂದು ಜೋಡಿಸ್ತೀರಿ ಅಂತ ಕೇಳಿದರು.

ಸೊಸೆ ವೈರು ಸುತ್ತುತ್ತಿದ್ದಳು. ಮುಖ ಆ ಕಡೆ. ಕುತ್ತಿಗೆ ಕೆಂಪಾಗಿತ್ತು.

ಮಾರ್ಚ್ 2

ಆರು ಜೋಡಿಗೆ ಆರ್ಡರ್ ಬರೆದರು. ಓನರ್ ಒಂದು ಮಾತು ಹಾಕಿ ನೋಡಿದರು, ಸ್ಟಿಕರ್‌ನಲ್ಲಿ ಎಂಬತ್ತೆಂಟು ಮಾಡೋಣವಾ ಅಂತ. ಸೊಸೆ ಬಾಯಿ ತೆರೆಯುವ ಮುಂಚೆ ನಾನೇ "ಎಂಬತ್ನಾಲ್ಕು" ಅಂದೆ. ಸ್ವಲ್ಪ ಜೋರಾಯಿತು. ಹೆಂಡತಿ ಇದ್ದಿದ್ದರೆ ತೊಂಬತ್ತೆಂಟು ಅನ್ನುತ್ತಿದ್ದಳು.

ಸಂಜೆ ಸೊಸೆ ಆ ಅರ್ಧ ಪತ್ರ ಹರಿದು, ಇನ್ನು ಕೆಲಸಕ್ಕೆ ಬರುವುದಿಲ್ಲ ಅಂತ ಕಾಲೇಜಿಗೆ ಬೇರೆ ಪತ್ರ ಬರೆದಳು. ಕಾಗುಣಿತ ನೋಡಿ ಮಾವ, ಅಂತ ನನ್ನ ಕೈಗೇ ಕೊಟ್ಟಳು. ಒಂದೂ ತಪ್ಪಿರಲಿಲ್ಲ. ಎರಡು ಸಲ ಓದಿದೆ.

ಮಾರ್ಚ್ 19, ಬೆಳಿಗ್ಗೆ 11.20

ಮೊದಲ ಜೋಡಿ ಡೆಮೊ ರೂಮಿಗೆ ಬಂತು. ಮಗನ ಪಾಲಿಶ್ ನೋಡಿದರೆ ಮುಖ ಕಾಣುತ್ತೆ. ಈಗ ಯಾವ ಗಿರಾಕಿ ಬಂದರೂ ಮೊದಲು ಮೈಕ್ ಇಟ್ಟು ಸದ್ದು ಸಮ ಮಾಡುತ್ತೇನೆ. ಹತ್ತು ನಿಮಿಷ ಹಿಡಿಯುತ್ತೆ. ಕೆಲವರು ಗಡಿಯಾರ ನೋಡುತ್ತಾರೆ, ನೋಡಲಿ. ಕಿವಿ ಅನ್ನುವುದನ್ನು ಯಾರೂ ಬಿಟ್ಟಿಲ್ಲ, ನಾನೂ ಬೇಡ ಅಂದಿಲ್ಲ.

ಯಾರೋ ಗಂಡ ಹೆಂಡತಿ ಒಳಗೆ ಬಂದರು. ಆಕೆ ನೇರ ಸೊಸೆಯ ಜೋಡಿಯ ಹಿಂದೆ ಹೋಗಿ ಸ್ಟಿಕರ್ ಓದುತ್ತಿದ್ದಾರೆ. ಎಲ್ಲದಕ್ಕೂ ತೊಂಬತ್ತು ಇದೆ, ಇದೊಂದಕ್ಕೆ ಯಾಕೆ ಎಂಬತ್ನಾಲ್ಕು, ಇದನ್ನ ಯಾರು ಮಾಡಿದ್ದು, ಅಂತ ಕೇಳುತ್ತಿದ್ದಾರೆ.

ಪೆನ್ ಇಡುತ್ತೇನೆ. ಇದನ್ನು ಬಾಯಲ್ಲೇ ಹೇಳಬೇಕು —