ಮರಿಯ ಕಣ್ಣಿನ ಮರಳು

ಫ್ಲೊರಿಯಾನಾ ದ್ವೀಪ

ಪ್ರೀತಿಯ ಅತ್ತೆ,

ಗೈಡ್ ಟ್ರೈನಿಂಗ್‌ನ ಮೊದಲ ಬೋಟ್ ಟ್ರಿಪ್‌ನಲ್ಲೇ ತಪ್ಪು ಮಾಡಿದೆ. ಬೆಳಿಗ್ಗೆ ಲಾವಾ ಬಂಡೆಯ ಮೇಲೆ ಕಡಲಸಿಂಹದ ಮರಿಯೊಂದು ನನ್ನ ಕಾಲಿಗೇ ಒರಗಿತು. ಅದರ ಕಣ್ಣಿನ ಮರಳನ್ನು ಬೆರಳಿನಿಂದ ಒರೆಸಿಬಿಟ್ಟೆ. ಪ್ರಾಣಿಗಳನ್ನು ಮುಟ್ಟಬಾರದೆಂಬ ರೂಲ್ ಬಾಯಿಪಾಠವಿತ್ತು, ಕೈ ಕೇಳಲಿಲ್ಲ. ಈಗ ತಾಯಿ ಬಂದು, ಮೂಸಿ ನೋಡಿ, ದೂರ ಹೋಗಿ ಕೂತಿದೆ. ಮರಿ ಹಾಲಿಗಾಗಿ ಕೂಗುತ್ತಿದೆ.

"ಯಾರೋ ಮುಟ್ಟಿದಾರೆ, ಮನುಷ್ಯರ ವಾಸನೆ ಹತ್ತಿದೆ. ನೀನ್ಯಾಕಮ್ಮ ಹಾಸ್ಟೆಲ್ ರಾಣಿ, ಬಿಳಿಚ್ಕೊಂಡೆ?" ಎಂದರು ನಮ್ಮ ಹಿರಿಯ ಗೈಡ್ ಎವಾರಿಸ್ಟೊ. ಹಾಸ್ಟೆಲ್‌ನಲ್ಲಿ ಓದಿದವಳೆಂದು ನನ್ನನ್ನು ಹಾಗೆ ಕರೆಯುತ್ತಾರೆ.

ಒಪ್ಪಿಕೊಂಡರೆ ರಾಷ್ಟ್ರೀಯ ಉದ್ಯಾನದ ವಾರ್ಡನ್‌ಗಳು ಬಂದು ಮರಿಯನ್ನು ನೋಡಿಕೊಳ್ಳುತ್ತಾರೆ, ನನ್ನ ಟ್ರೈನಿಂಗ್ ಹೋಗುತ್ತದೆ. ಬಾಯೇ ಬರುತ್ತಿಲ್ಲ. ಈ ಕಾರ್ಡನ್ನು ಇಲ್ಲಿನ ಅಂಚೆ ಪೀಪಾಯಿಗೆ ಹಾಕುತ್ತೇನೆ. ಇದಕ್ಕೆ ಸ್ಟ್ಯಾಂಪು ಬೇಡ, ಆಯಾ ಊರಿಗೆ ಹೋಗುವ ಪ್ರವಾಸಿಗರೇ ಕಾರ್ಡು ಒಯ್ದು ಮುಟ್ಟಿಸುತ್ತಾರೆ. ಕಾರ್ಡು ಒಯ್ಯುವವರನ್ನು ಹುಡುಕಲು ಎವಾರಿಸ್ಟೊ ಈಗಲೇ ಪೀಪಾಯಿಯ ಕಾರ್ಡುಗಳನ್ನೆಲ್ಲ ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ. ಅದಕ್ಕೇ ಪೂರ್ತಿ ಹೆಸರು ಬರೆದಿದ್ದೇನೆ.

ನಿಮ್ಮ
ರೊಸೌರಾ ಸಾಲ್ತೋಸ್