ಮೂರು ಸಲ ಎಳೆದ ಕೈ

ತೆಯೋ,

ನೀನೂ ನಿನ್ನ ಮಗಳು ಸೆಲಿಯೂ ಅವಳ ಹೊಟ್ಟೆಯಲ್ಲಿರುವ ಕೂಸೂ ನೆಮ್ಮದಿಯಾಗಿದ್ದೀರಿ ಎಂದುಕೊಂಡು ಶುರುಮಾಡುತ್ತಿದ್ದೇನೆ. ಬರೆಯುತ್ತಿರುವವನು ಬುಸ್ತಮಾಮ್. ಈ ಕಾಗದವನ್ನು ಮಗಳ ಕೈಲಿ ಓದಿಸಬೇಡ. ಒಬ್ಬನೇ ಇದ್ದಾಗ, ನಿನ್ನ ಕಣ್ಣಿನಿಂದಲೇ ಓದು.

ಪಡಾಂಗ್ ಬಂದರಿನ ಕಾಫಿ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೂತು ಎನ್ನುವುದೂ ಸುಳ್ಳೇ. ಎರಡು ಸಾಲು ಬರೆದು ಎದ್ದುಬಿಡುತ್ತೇನೆ; ನದಿ ಕಡಲಿಗೆ ಬೀಳುವ ಕಲ್ಲುಕಟ್ಟೆಯವರೆಗೆ ಹೋಗಿ, ಸುಮ್ಮನೆ ನೀರು ನೋಡಿ, ಮತ್ತೆ ಬಂದು ಎರಡು ಸಾಲು. "ಏನ್ ಕಪ್ತಾನ್ರೇ, ಬೆಂಚು ಸುಡ್ತಾ ಇದೆಯಾ? ಮೂರು ಲೋಟ ತಣ್ಣಗಾಯ್ತು, ಒಂದಕ್ಕೂ ಬಾಯಿಟ್ಟಿಲ್ಲ" ಎಂದು ಅಂಗಡಿಯ ಹೆಂಗಸು ಬೈಯುತ್ತಿದ್ದಾಳೆ.

ನನ್ನ ಈ ಗುಣ ನಿನಗೆ ಹೊಸದಲ್ಲ. ಹದಿನಾರು ವರ್ಷ ಒಂದೇ ದೋಣಿಯಲ್ಲಿ ಉಂಡವರು ನಾವು. ನಾನು ಚುಕ್ಕಾಣಿ ಹಿಡಿಯುವವನು, ನೀನು ನೀರಿಗಿಳಿಯುವವನು. ಹತ್ತು ದಿನದ ಒಂದೊಂದು ಸುತ್ತಿಗೂ ಪರದೇಶದ ಅತಿಥಿಗಳು ಅಲೆಯೇರುವ ತಮ್ಮ ಹಲಗೆಗಳನ್ನು ಎಳೆಗೂಸಿನ ಹಾಗೆ ಅಪ್ಪಿಕೊಂಡು ಹತ್ತುವರು. ಬೆಳಿಗ್ಗೆ ಅಲೆಯ ಮೇಲೆ, ಮಧ್ಯಾಹ್ನ ಹವಳದ ದಿಬ್ಬಗಳ ನಡುವೆ, ಸಂಜೆ ದೋಣಿಯ ಹಿಂದೆ ಗಾಳ ಬಿಟ್ಟು ಅಂಜಲ್ ಮೀನಿಗೆ ಕಾಯುತ್ತಾ. ಅವರಿಗೆ ಅದೊಂದು ಹಬ್ಬ. ನನಗೆ ಮಾತ್ರ ಈ ಕೊಲ್ಲಿಯಲ್ಲಿ ಲಂಗರು ಬೀಳುವ ಮೊದಲೇ ಮುಂದಿನ ಕೊಲ್ಲಿಯ ಚಿಂತೆ. ಇಲ್ಲಿ ಆಳೆತ್ತರದ ಅಲೆ ಎದ್ದಿದ್ದರೆ ಅಲ್ಲಿ ಎರಡಾಳು ಎದ್ದಿರಬಹುದಲ್ಲ! "ನಿಮ್ಮನ್ನ ಸ್ವರ್ಗಕ್ಕೆ ಕರ್ಕೊಂಡೋದ್ರೂ, ಪಕ್ಕದ ದ್ವೀಪದಲ್ಲಿ ಗಾಳಿ ಹೆಂಗಿದೆ ಅಂತ ಕೇಳ್ತೀರ, ಉಡಾ" ಎನ್ನುತ್ತಿದ್ದೆ ನೀನು. ಉಡಾ ಎಂದರೆ ಅಣ್ಣ ಎಂದು ಮೆಂತವಾಯಿ ದ್ವೀಪದವನಾದ ನಿನಗೆ ಯಾರು ಹೇಳಿಕೊಟ್ಟರೋ. ಮೊದಲ ದಿನವೇ ನಮ್ಮ ಪರಿಯಾಮನ್ ಹುಡುಗರ ಹಾಗೆ ಬಾಯ್ತುಂಬ ಕರೆದೆ. ಊಟಕ್ಕೆ ಕೂತರೆ "ನಿಮ್ಮೂರಲ್ಲಿ ಮೆಣಸಿನಕಾಯಿಗೆ ಅನ್ನ ನಂಚ್ಕೋತಾರೆ" ಎಂದು ನೀನು, "ನಿಮ್ಮೂರಲ್ಲಿ ಮರ ಕಡಿದು ಮರಾನೇ ತಿಂತಾರೆ" ಎಂದು ಸಾಗು ಮರದ ತಿರುಳಿನ ನಿನ್ನ ರೊಟ್ಟಿಯನ್ನು ತೋರಿಸಿ ನಾನು. ಅಂಥ ಜಗಳವನ್ನು ಏಳು ವರ್ಷದಿಂದ ನಾನು ಯಾರ ಜೊತೆಗೂ ಆಡಿಲ್ಲ.

ಏಳು ವರ್ಷದ ಹಿಂದಿನ ಆ ಬೆಳಿಗ್ಗೆಗೆ ಬರುತ್ತೇನೆ. ಸುತ್ತುಬಳಸಿ ಬಂದರೂ ಅಲ್ಲಿಗೇ ಬರಬೇಕು.

ಲಂಗರು ಹವಳದ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ದೋಣಿಯ ಮೇಲಿನ ಗಾಳಿಯ ಯಂತ್ರದ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು ನೀನು ಅದೇ ಬೆಳಿಗ್ಗೆ ನಾಲ್ಕು ಸಲ ಇಳಿದು ಬಂದಿದ್ದೆ, ಐದನೆಯ ಸಲವೂ ಇಳಿದೆ. ಕೊಳವೆಯ ಈ ತುದಿ ನನ್ನ ಕೈಯಲ್ಲಿ. ನಮ್ಮಿಬ್ಬರ ನಡುವಿನ ಲೆಕ್ಕ ನಿನಗೆ ಗೊತ್ತು: ಒಂದು ಸಲ ಎಳೆದರೆ ಕ್ಷೇಮವಾ ಎಂದು, ಎರಡು ಸಲ ಎಳೆದರೆ ಕೆಲಸ ಬಿಟ್ಟು ದಾರಿಯಲ್ಲಿ ಅಲ್ಲಲ್ಲಿ ತಂಗುತ್ತಾ ನಿಧಾನ ಬಾ ಎಂದು, ಮೂರು ಸಲ ಎಳೆದರೆ ಅಪಾಯ, ಇದ್ದ ಹಾಗೆ ಮೇಲೆ ಬಾ ಎಂದು. ಆಳದಿಂದ ತಂಗದೆ ಬಂದರೆ ಮೈಯೊಳಗೆ ಗಾಳಿ ಗುಳ್ಳೆಕಟ್ಟಿ ನರ ಹಿಡಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ತೆಂಕಣ ಕಡಲಿಂದ ದೊಡ್ಡ ಅಲೆ ಬಂದು ಮುಟ್ಟಿದ ದಿನ ಅದು. ಎರಡು ಮೈಲಿ ಆಚೆಯ ಮೂಲೆಯಲ್ಲಿ ಬಿಳಿ ನೊರೆ ಏಳುತ್ತಿರುವುದು ಕಾಣುತ್ತಿತ್ತು. ಗಾಳಿ ತಿರುಗಿದರೆ ಆ ಅಲೆ ಕೆಟ್ಟ ಹಾಗೇ. ಅತಿಥಿಗಳು ಅವಸರ ಮಾಡಿದರು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅವರು ಮಾಡಲಿಲ್ಲ, ತೆಯೋ. ಚಹಾ ಕುಡಿಯುತ್ತಾ ನಗುತ್ತಿದ್ದರು. ತಡೆಯಲಾಗದೆ ಹೋದದ್ದು ನನಗೆ. ಎರಡು ಸಲ ಎಳೆದೆ. ನೀನು ಬರಲಿಲ್ಲ. ಮತ್ತೆ ಎರಡು ಸಲ ಎಳೆದೆ. ಐದನೆಯ ಸಲ ನಿನ್ನನ್ನು ಇಳಿಸುವ ಬದಲು ಹಗ್ಗ ಕಡಿದು ಲಂಗರನ್ನು ಅಲ್ಲೇ ಬಿಡಬಹುದಿತ್ತು. ಲಂಗರೂ ಬೇಕು, ಆ ಅಲೆಯೂ ಬೇಕು ನನಗೆ. ಹಗ್ಗ ಸಡಿಲಾಯಿತು, ಲಂಗರು ಬಿಟ್ಟಿತ್ತು; ನೀನಿನ್ನೂ ಕೆಳಗೇ. ಮೂರು ಸಲ ಎಳೆದೆ.

ನಾನೇ ಎಳೆದೆ. ನೀರಿನ ಸೆಳೆತವಲ್ಲ. ಈ ಕೈ.

ನೀನು ಬಾಣದ ಹಾಗೆ ಮೇಲೆ ಬಂದೆ. ದೋಣಿಯ ಅಂಚು ಹಿಡಿದು ಮೊದಲು ಕೇಳಿದ್ದು, "ಯಾರಿಗೇನಾಯ್ತು ಉಡಾ? ಶಾರ್ಕಾ?" ನಿನ್ನ ಮುಖದಲ್ಲಿ ನಿನ್ನ ಭಯ ಇರಲಿಲ್ಲ, ನಮಗೇನೋ ಆಯಿತೆಂಬ ಭಯ ಇತ್ತು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಬಾಯಿ ತಪ್ಪಿತು: "ನಾನೆಲ್ಲಿ ಎಳೆದೆ? ಸೆಳೆತ ಕೊಳವೆ ಜಗ್ಗಿರಬೇಕು." ಒಂದು ಗಂಟೆಯ ಮೇಲೆ ಹೇಳಿಬಿಡೋಣ, ನಕ್ಕುಬಿಡೋಣ ಎಂದುಕೊಂಡಿದ್ದೆ. ಗಂಟೆ ಕಳೆಯುವ ಮೊದಲೇ ನೀನು "ಕಾಲು ಜುಮ್ಮಂತಿದೆ" ಎಂದೆ. ಆಮೇಲೆ "ಕಾಲೇ ಇಲ್ಲದ ಹಾಗಿದೆ" ಎಂದೆ. ಪಡಾಂಗ್ ಮುಟ್ಟುವಷ್ಟರಲ್ಲಿ ಸೊಂಟದ ಕೆಳಗೆ ಏನೂ ಉಳಿದಿರಲಿಲ್ಲ. ಆಮೇಲೆ ಯಾವ ಬಾಯಿಂದ ಹೇಳಲಿ?

ನಿನ್ನ ಕಾಲು ಹೋದದ್ದು ನನ್ನ ಅವಸರಕ್ಕೆ. ಆದರೆ ನಿನ್ನ ಹೆಸರು ಹೋದದ್ದು ನನ್ನ ಸುಳ್ಳಿಗೆ. ದ್ವೀಪದಲ್ಲೇ ಎತ್ತಿದ ಕೈ ಎನಿಸಿಕೊಂಡ ಮುಳುಗುಗಾರ ನೀರಿನ ಸೆಳೆತಕ್ಕೆ ಹೆದರಿ ಓಡಿಬಂದ ಎಂದು ಊರು ಆಡಿಕೊಂಡಿತು. ನೀನೇ ಎಲ್ಲರಿಗೂ, "ತಪ್ಪು ನಂದೇ, ಸೆಳೆತಕ್ಕೂ ಸನ್ನೆಗೂ ವ್ಯತ್ಯಾಸ ತಿಳೀಲಿಲ್ಲ" ಎಂದು ಹೇಳಿಕೊಂಡು ಬಂದೆ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ನಿಮ್ಮೂರಿನ ಮುಂದೆ ಹಾಯುವಾಗಲೆಲ್ಲ ಅಕ್ಕಿಯೋ ಹೊಗೆಸೊಪ್ಪೋ ಹಿಡಿದು ಬರುತ್ತಿದ್ದೆ; ಮೆಟ್ಟಿಲ ಮೇಲೇ ನಿಂತು, "ನೀರಿಳಿಯುತ್ತೆ, ಹೊರಟೆ" ಎಂದು ಓಡುತ್ತಿದ್ದೆ. ನೀನು ಒಳಗೆ ಬಾ ಎಂದು ಕರೆದಷ್ಟೂ ನನ್ನ ಕಾಲು ದೋಣಿಯ ಕಡೆಗೇ ತಿರುಗುತ್ತಿತ್ತು.

ಹೀಗೇ ಸಾಯುವವರೆಗೂ ಓಡುತ್ತಿದ್ದೆನೋ ಏನೋ. ನಿನ್ನ ತಮ್ಮ ಬಿಡಲಿಲ್ಲ.

ಸೆರಾಫಿನ್ ಕಳೆದ ಹಂಗಾಮಿನಿಂದ ನನ್ನ ದೋಣಿಯಲ್ಲಿದ್ದಾನೆ, ನಿನ್ನ ಜಾಗದಲ್ಲಿ. ಬೇಡವೆಂದೆ, ಮಾಲೀಕರು ಕೇಳಲಿಲ್ಲ. ಈ ಸುತ್ತಿನ ಐದನೆಯ ದಿನ ಮತ್ತೆ ಲಂಗರು ಸಿಕ್ಕಿಕೊಂಡಿತು. ಬೇರೆ ಕೊಲ್ಲಿ, ಅಂಥದೇ ಬೆಳಿಗ್ಗೆ. ಅವನು ಕೊಳವೆ ಕಚ್ಚಿ ಇಳಿದ. ಲಂಗರು ಬಿಡಿಸಿದ್ದೂ ಆಯಿತು. ಮೇಲೆ ಬರುವ ದಾರಿಯಲ್ಲಿ ತಂಗುತ್ತಾ ತಂಗುತ್ತಾ, ನೀನು ಕಲಿಸಿದ ಹಾಗೆ, ಆಮೆಯಂತೆ ಬರುತ್ತಿದ್ದ. ಈ ಸಲ ಅತಿಥಿಗಳು ನಿಜವಾಗಿಯೂ ಅವಸರ ಮಾಡಿದರು. ಅವರ ಮುಂದಾಳು ಗ್ರೇಡನ್, ಆಸ್ಟ್ರೇಲಿಯಾದಲ್ಲಿ ನಲ್ಲಿ ರಿಪೇರಿ ಮಾಡುವ ಆಜಾನುಬಾಹು, ನನ್ನ ಪಕ್ಕದಲ್ಲೇ ನಿಂತು, "ಎರಡು ವರ್ಷ ಈ ಅಲೆಗೆ ಕಾದಿದೀನಿ ಮಾರಾಯ, ಅವನನ್ನ ಕರಿಯಯ್ಯಾ" ಎಂದು ಒಂದೇ ಸಮ ಗೊಣಗುತ್ತಿದ್ದ. ನನ್ನ ಬೆರಳುಗಳು ಕೊಳವೆಯ ಮೇಲೆ ತಾವಾಗಿಯೇ ಬಿಗಿಯುತ್ತಿದ್ದವು. ಹೆದರಿಕೆಯಾಯಿತು ತೆಯೋ, ಇಷ್ಟಾದ ಮೇಲೂ ಈ ಕೈಗೆ ಬುದ್ಧಿ ಬಂದಿಲ್ಲವಲ್ಲ ಎಂದು. ಅಡುಗೆಯವನನ್ನು ಕೂಗಿ ಕರೆದು ಕೊಳವೆಯನ್ನು ಅವನಿಗೆ ಕೊಟ್ಟು ದೋಣಿಯ ಹಿಂದಿನ ತುದಿಗೆ ಹೋಗಿ ನಿಂತೆ. ಮುಕ್ಕಾಲು ಗಂಟೆ. ಅಷ್ಟರಲ್ಲಿ ಗಾಳಿ ತಿರುಗಿತು, ಅಲೆ ಒಡೆದು ಚೂರಾಯಿತು. ಗ್ರೇಡನ್ ತನ್ನ ಟೋಪಿಯನ್ನು ನೆಲಕ್ಕೆ ಬಡಿದ.

ಸೆರಾಫಿನ್ ನಗುತ್ತಲೇ ಹತ್ತಿದ. "ಬೇಗ ಬಾ ಅಂತ ಎಳೀತೀರೇನೋ ಅಂದ್ಕೊಂಡೆ ಉಡಾ. ಎಳೆದಿದ್ರೂ ನಾನು ಬರ್ತಿರ್ಲಿಲ್ಲ ಬಿಡಿ."

"ಯಾಕೆ?"

"ಅಣ್ಣ ಹೇಳ್ಕೊಟ್ಟಿದಾನೆ. ಮೂರು ಸಲ ಎಳೆದ ಹಾಗಾದ್ರೆ ನಂಬಬೇಡ, ಅದು ಸೆಳೆತ, ನಾನು ಕೆಟ್ಟಿದ್ದೇ ಅದರಿಂದ ಅಂತ."

ನಾಳೆ ಗಾಳಿಯ ಯಂತ್ರ ನಿಂತರೆ? ನಿಜವಾಗಿಯೂ ಏನೋ ಬಂದರೆ? ಮೇಲಿನಿಂದ ಎಷ್ಟೇ ಎಳೆದರೂ ನಿನ್ನ ತಮ್ಮ ಸೆಳೆತವೆಂದುಕೊಂಡು ಕೆಳಗೇ ಇರುತ್ತಾನೆ. ನನ್ನ ಒಂದು ಮಾತು ನಿನ್ನನ್ನು ತಿಂದು, ಈಗ ಅವನ ಬೆನ್ನು ಹತ್ತಿದೆ. ಅಲ್ಲೇ, ಅವನು ಕೊಳವೆ ಸುತ್ತುತ್ತಿರುವಾಗಲೇ ಹೇಳಿದೆ: "ಮೂರು ಸಲ ಎಳೆದರೆ ನಂಬು ಸೆರಾಫಿನ್. ನಿನ್ನಣ್ಣ ತಪ್ಪು ತಿಳಿದಿರಲಿಲ್ಲ. ಎಳೆದವನು ನಾನು."

ಅವನ ಕೈ ನಿಂತಿತು. ಕೊಳವೆಯನ್ನು ಕೆಳಗಿಟ್ಟ.

"ಅಣ್ಣನಿಗೆ ಗೊತ್ತಾ?"

"ಇಲ್ಲ."

"ಹಂಗಾದ್ರೆ ನಂಗ್ಯಾಕೆ ಮೊದ್ಲು ಹೇಳಿದ್ರಿ?"

ಆಮೇಲೆ ಅವನು ನನ್ನನ್ನು ಉಡಾ ಎನ್ನಲಿಲ್ಲ, ಕಪ್ತಾನ್ ಎಂದ. ನೀರಿಗೂ ಇಳಿಯಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ಅತಿಥಿಗಳನ್ನು ನಿಮ್ಮೂರ ಮುಂದಿನ ಅಲೆಗೆ ಬಿಟ್ಟು, ಸೆರಾಫಿನ್ ನಡೆಸಿದ ಸಣ್ಣ ದೋಣಿಯಲ್ಲಿ ದಡಕ್ಕೆ ಬಂದೆ. ನಿನ್ನ ಮನೆಗೆ ಹೋದರೆ ನೀನಿಲ್ಲ. ಸೆಲಿಯ ಹೆರಿಗೆಗೆಂದು ಅವಳ ಗಂಡನ ಊರಿಗೆ ಹೋಗಿದ್ದೀಯೆಂದರು. ಒಂದು ಗಳಿಗೆ, ಎಂಥ ಪಾಪಿ ನೋಡು, ಬದುಕಿದೆ ಎನಿಸಿತು. ವಾಪಸು ತಿರುಗಿದ್ದೆ ಕೂಡ. ಸೆರಾಫಿನ್ ದಾರಿಗೆ ಅಡ್ಡ ನಿಂತಿದ್ದ. ಜರುಗಲಿಲ್ಲ.

ಚರ್ಚಿನಿಂದ ಜನ ಹೊರಗೆ ಬರುವವರೆಗೆ ಅಂಗಳದ ತೆಂಗಿನಮರದ ಕೆಳಗೆ ಕಾದೆ. ಬಂದವರ ಮುಂದೆ ನಿಂತು ಹೇಳಿದೆ. ನಿನ್ನನ್ನು ಆಡಿಕೊಂಡವರೆಲ್ಲ ಅಲ್ಲಿದ್ದರು. ಮಾತು ತಡವರಿಸಿತು, ಎರಡು ಸಲ ಹೇಳಬೇಕಾಯಿತು. ಯಾರೂ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಒಬ್ಬ ಮುದುಕ ಮಾತ್ರ ಉಳಿದವರ ಕಡೆ ತಿರುಗಿ, "ನೋಡಿದ್ರಾ, ನಮ್ಮ ಹುಡುಗನಿಗೆ ನೀರು ತಿಳೀತಿತ್ತು ಅಂತ ನಾನು ಅವತ್ತೇ ಅಂದಿರ್ಲಿಲ್ವಾ" ಎಂದ. "ನೀನೆಲ್ಲಿ ಅಂದೆ, ಎಲ್ಲರಿಗಿಂತ ಜಾಸ್ತಿ ನಕ್ಕವನೇ ನೀನು" ಎಂದು ಇನ್ನೊಬ್ಬ. ಅವರವರಲ್ಲೇ ಜಗಳ ಹತ್ತಿತು.

ಮನೆ ನೋಡಿಕೊಳ್ಳಲು ಊರಲ್ಲೇ ಉಳಿದಿದ್ದ ನಿನ್ನ ಹೆಂಡತಿ ಅವರ ಹಿಂದೆ ಬೈಬಲ್ ಎದೆಗವಚಿಕೊಂಡು ನಿಂತಿದ್ದಳು. ಹತ್ತಿರ ಬಂದಳು. "ಏಳು ವರ್ಷದಿಂದ ಆ ಮನುಷ್ಯ ಕಡಲಿಗೆ ಬೆನ್ನು ಹಾಕಿ ಕೂರ್ತಾನೆ. ಕುರ್ಚಿ ತಿರುಗಿಸ್ಲಾ ಅಂತ ಕೇಳಿದ್ರೆ, ಯಾವ ಮುಖ ಇಟ್ಕೊಂಡು ನೋಡ್ಲಿ ಅಂತಾನೆ. ನೀನು ತಂದ ಅಕ್ಕೀನ ನಾನು ಬೇಯಿಸಿ ಹಾಕ್ತಿದ್ದೆ" ಎಂದಳು. ಅಷ್ಟೇ. ಕಣ್ಣೀರಿಲ್ಲ. ನಾನು ಕಾಲು ಹಿಡಿಯಲು ಬಗ್ಗಿದೆ, ಹಿಂದಕ್ಕೆ ಸರಿದಳು. "ನಾನು ಅವನಿಗೆ ಹೇಳಲ್ಲ. ಊರವರ ಬಾಯಿಗೂ ಬೀಗ ಹಾಕ್ತೀನಿ. ನೀನೇ ಬರೀ. ನಿನ್ನ ಕೈ ಮಾಡಿದ್ದು, ನಿನ್ನ ಕೈಯೇ ಹೇಳ್ಲಿ."

ಅದಕ್ಕೇ ಈ ಕಾಗದ. ಇದನ್ನು ಸೆರಾಫಿನ್ ನಾಳೆಯ ಹಡಗಿನಲ್ಲಿ ತರುತ್ತಾನೆ.

ನಮ್ಮ ದೋಣಿ ಇವತ್ತು ಬೆಳಿಗ್ಗೆ ಹೊಸ ಅತಿಥಿಗಳೊಂದಿಗೆ ಹೊರಟುಹೋಯಿತು, ಬೇರೆ ಕಪ್ತಾನನ ಕೈಯಲ್ಲಿ. ಅದು ನನ್ನನ್ನು ದಡದಲ್ಲಿ ಬಿಟ್ಟು ಹೋದದ್ದು ಇದೇ ಮೊದಲು. ಕಟ್ಟೆಯ ಕೊನೆಯ ಕಲ್ಲಿನವರೆಗೂ ಅದರ ಜೊತೆ ನಡೆದೆ. ಮಾಲೀಕರಿಗೆ ಎಲ್ಲವನ್ನೂ ಹೇಳಿದ್ದೇನೆ. ಮುಂದೆ ಮುಳುಗುಗಾರರ ಕೊಳವೆ ಹಿಡಿಯುವ ಕೆಲಸ ನನಗೆ ಬೇಡವೆಂದೂ, ಸೆರಾಫಿನ್ ಮತ್ತೆ ಇಳಿಯುವುದಾದರೆ ಮೇಲೆ ಕೊಳವೆ ಹಿಡಿಯುವವನನ್ನು ನೀನೇ ಆರಿಸಬೇಕೆಂದೂ ಹೇಳಿದೆ. ಅವರು ಒಪ್ಪಿದರು. ಸೆರಾಫಿನ್ ಕೂಡ, "ಅಣ್ಣ ಹೇಳೋವರೆಗೂ ಇಳಿಯಲ್ಲ" ಎಂದಿದ್ದಾನೆ.

ಮನ್ನಿಸು ಎಂದು ಕೇಳಲು ನಾಲಿಗೆ ಏಳುವುದಿಲ್ಲ. ಕೇಳುವುದು ಒಂದೇ: ಮೂರು ಸಲ ಎಳೆದರೆ ನಂಬಬೇಕು ಎಂದು ನಿನ್ನ ಬಾಯಿಂದಲೇ ತಮ್ಮನಿಗೆ ಹೇಳು. ನನ್ನ ಮಾತಿಗೆ ಅವನ ಹತ್ತಿರ ಬೆಲೆ ಉಳಿದಿಲ್ಲ. ನಿನ್ನ ಮಾತನ್ನು ಅವನು ಪ್ರಾಣ ಕೊಟ್ಟು ನಂಬುತ್ತಾನೆ. ನನ್ನ ಭಯವೂ ಅದೇ.

ನೀನು ಬಾ ಎಂದರೆ ಬರುತ್ತೇನೆ. ಈ ಸಲ ಮೆಟ್ಟಿಲ ಮೇಲೆ ನಿಲ್ಲುವುದಿಲ್ಲ. ಬರಬೇಡ ಎಂದರೆ ಅದನ್ನೂ ಬರೆದು ಕಳಿಸು. ಏನೂ ಬರೆಯದೆ ಸುಮ್ಮನಿದ್ದರೆ, ಆ ಸುಮ್ಮನಿರುವುದನ್ನೂ ಇಲ್ಲೇ ಕೂತು ಸಹಿಸಲು ಕಲಿಯುತ್ತೇನೆ.

ಸೆಲಿಗೆ ಹೆರಿಗೆ ಸುಸೂತ್ರವಾಗಲಿ. ನಿನ್ನ ದೇವರೂ ನನ್ನ ದೇವರೂ ಇಬ್ಬರೂ ಸೇರಿ ಆ ಕೂಸನ್ನು ಕಾಯಲಿ. ಅಜ್ಜ ಯಾವತ್ತೂ ಹೆದರಿ ಓಡಿದವನಲ್ಲ ಎಂದು ಅದಕ್ಕೆ ಮೊದಲ ದಿನದಿಂದಲೇ ಗೊತ್ತಿರಲಿ.

ಇಂತಿ,
ಬುಸ್ತಮಾಮ್