ಇಬ್ಬರು ಯಜಮಾನರ ಕಾಫಿಪುಡಿ

ವಿರಾಜಪೇಟೆ, ೧೪-೭-೧೯೩೬

ಅತ್ತಿಗೆಗೆ ಮೈದುನ ಅನಂತನ ನಮಸ್ಕಾರ.

ಇಲ್ಲಿಯ ಕಾಫಿ ಕ್ಲಬ್ಬಿನ ಒಲೆಯ ಮುಂದೆ ನಿಂತು ತಿಂಗಳಾಯಿತು. ನಮ್ಮ ಕುಂದಾಪುರದಲ್ಲಿ ಕೊಟ್ಟ ಕಾಫಿಯನ್ನು ಸುಮ್ಮನೆ ಕುಡಿಯುತ್ತಾರೆ. ಇಲ್ಲಿ ಕಾಫಿ ತೋಟದ ಯಜಮಾನರೆಲ್ಲ ತಂತಮ್ಮ ಪುಡಿಯನ್ನು ಡಬ್ಬಿಯಲ್ಲಿ ತಂದಿಟ್ಟಿದ್ದಾರೆ. ಅವರವರಿಗೆ ಅವರವರದರಲ್ಲೇ ಮಾಡಿಕೊಡಬೇಕು. ಕಪಾಟಿನಲ್ಲಿ ಹದಿನಾಲ್ಕು ಡಬ್ಬಿ! ತಪ್ಪಿದರೆ ಊರಿನ ಬಸ್ಸು ಹತ್ತಿಸುತ್ತೇನೆ ಎಂದಿದ್ದಾರೆ ಕ್ಲಬ್ಬಿನ ಧಣಿ.

ಮೊನ್ನೆ ಗಡಿಬಿಡಿಯಲ್ಲಿ ತಪ್ಪಿಯೇ ಹೋಯಿತು. ಬಿದ್ದಪ್ಪನವರ ಪುಡಿಯ ಕಾಫಿ ಉತ್ತಯ್ಯನವರಿಗೆ, ಅವರದು ಇವರಿಗೆ. ಉತ್ತಯ್ಯನವರು ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡು, "ಇವತ್ತು ಸರಿ ಬಂತು ನೋಡಿ ಭಟ್ರೇ! ಆ ಬಿದ್ದಪ್ಪನ ತೋಟದಲ್ಲಿ ಇಂಥದ್ದು ಬೆಳೀತದಾ?" ಎಂದರು. ಆಚೆ ಮೇಜಿನಲ್ಲಿ ಬಿದ್ದಪ್ಪನವರು ಇನ್ನೊಂದು ಲೋಟ ತರಿಸಿಕೊಂಡು, "ನಮ್ಮದರ ಮುಂದೆ ಉತ್ತಯ್ಯನದು ಬರೀ ಕಷಾಯ" ಎಂದರು.

ಮನಸ್ಸು ತಡೆಯದೆ ನಿನ್ನೆ ಸರಿಯಾದ ಪುಡಿಯಲ್ಲೇ ಮಾಡಿಕೊಟ್ಟೆ. ಇಬ್ಬರೂ ಲೋಟ ಕುಕ್ಕಿ, "ಇದು ಯಾರ ಪುಡಿ ಭಟ್ರೇ?" ಎಂದು ಗದರಿದರು.

ನನ್ನ ಕೆಮ್ಮು ಪೂರ್ತಿ ಬಿಟ್ಟಿದೆ, ಅಣ್ಣನಿಗೆ ಹೇಳಿ. ಬಿದ್ದಪ್ಪನವರು ಬಂದರು, ಉತ್ತಯ್ಯನವರ ಡಬ್ಬಿ ತೆಗೆಯಬೇಕು.

ಅನಂತ